ಮೈ ನೋಡಿ ಡಾಕ್ಟ್ರೇ

ಅಕ್ಟೋಬರ್ 14, 2024. ಸೋಮವಾರ

ಜ್ವರದ ಪ್ರಾಜೆಕ್ಟಿಗೆ ಅಂತ ಗಾವಡಗೆರೆ ಬದುಗಳಲ್ಲಿ ಇಟ್ಟಿದ್ದ ಇಲಿಬೋನುಗಳನ್ನ ಬೆಳಿಗ್ಗೆ ಎತ್ತಿದ್ವಿ. ಕೊಬ್ಬರಿ, ಒಣಮೀನಿನ ಆಸೆಗೆ ಇಲಿ ಚೆನ್ನಾಗೇ ಬಿದ್ದಿವೆ. ಕಿವಿಯೊಳಗೆ ನುಸಿಮರಿ — ಕೇಸರಿ ಪುಡಿ ಉದುರಿಸಿದ ಹಾಗೆ. ಬರಿಗಣ್ಣಿಗೆ ಚುಕ್ಕೆ. ಮೈಕ್ರೋಸ್ಕೋಪಿನಡಿ ಕಾಲಾಡಿಸೋ ಪ್ರಾಣಿ. ಹುಲ್ಲಲ್ಲಿ ಕಾದಿದ್ದು ಮನುಷ್ಯರನ್ನೂ ಕಚ್ಚುತ್ತೆ, ಎಂಜಲಲ್ಲಿ ಸ್ಕ್ರಬ್ ಟೈಫಸ್ ಜ್ವರ ದಾಟಿಸುತ್ತೆ.

ಇದರ ಮೇಲೆ ಸಿಟ್ಟಿಲ್ಲ ನಂಗೆ. ಇದಕ್ಕೆ ಬುದ್ಧಿಯಿಲ್ಲ, ಬೋರ್ಡಿಲ್ಲ, ಎಂಬಿಬಿಎಸ್ ಇಲ್ಲ.

ಅಕ್ಟೋಬರ್ 17

ಅವ್ವ ಹೋಗಿ ಎರಡು ವರ್ಷ. ಅಪ್ಪ ಎಡೆ ಇಟ್ಟಿತ್ತು.

ಹಸುಗೆ ಹುಲ್ಲು ಕುಯ್ಯಕ್ಕೆ ಬದುವಿಗೆ ಹೋಗ್ತಿದ್ಲು ಅವ್ವ. ಜ್ವರ ಬಂತು. ಕೆ.ಆರ್. ನಗರಕ್ಕೆ, ಡಾಕ್ಟರ್ ಶಿವಶಂಕರ್ ಕ್ಲಿನಿಕ್ಕಿಗೆ ಕರಕೊಂಡು ಹೋದೆ. ನಾಲಿಗೆ ನೋಡ್ದ, 'ವೈರಲ್ ಕಣಮ್ಮ' ಅಂದ, ಇಂಜೆಕ್ಷನ್ ಚುಚ್ಚಿದ. ಇಳೀಲಿಲ್ಲ. ಮತ್ತೆ ಹೋದ್ವಿ. ಡ್ರಿಪ್ ಹಾಕಿಸಿದ, ಮತ್ತದೇ 'ವೈರಲ್'. ಮೂರನೇ ಸಲಕ್ಕೆ ಅವ್ವಂಗೆ ನನ್ನ ಗುರುತೇ ಸಿಗ್ತಿರಲಿಲ್ಲ. ಆಗ ಹೇಳ್ದ — ಮೈಸೂರಿಗೆ ಕರಕೊಂಡು ಹೋಗಿ ಅಂತ. ಇಲವಾಲ ದಾಟೋದ್ರೊಳಗೆ...

ಮೈ ತೊಳೆಯುವಾಗ ಕಂಡಿದ್ದು. ಎಡ ಮೊಲೆಯ ಕೆಳಗೆ, ಬೀಡಿ ಒತ್ತಿ ಆರಿಸಿದಂಥ ಕರೀ ಗಾಯ. ಏನಂತ ಗೊತ್ತಾಗಲಿಲ್ಲ ಆಗ. ಎಂಎಸ್ಸಿ ಮುಗಿಸಿ ಈ ಪ್ರಾಜೆಕ್ಟಿಗೆ ಸೇರಿದ ಮೇಲೆ ಒಂದಿನ ತರಬೇತಿಯ ಸ್ಲೈಡಲ್ಲಿ ಅದೇ ಗಾಯ ಬಂತು. ನುಸಿಮರಿ ಕಚ್ಚಿದ ಜಾಗ. ಡಾಕ್ಸಿಸೈಕ್ಲಿನ್ — ಯಾವ ಮೆಡಿಕಲ್ ಸ್ಟೋರಲ್ಲಾದ್ರೂ ಸಿಗೋ ಮಾತ್ರೆ. ಮೊದಲೇ ಕೊಟ್ಟಿದ್ರೆ ಬದುಕ್ತಿದ್ಲು. ಸೆರಗು ಸರಿಸಿ ಒಂದು ಸಲ ನೋಡಿದ್ರೆ ಸಾಕಿತ್ತು.

ಬುಡಲ್ಲ ಅವನ್ನ.

ಅಕ್ಟೋಬರ್ 22

ಸಾಲಿಗ್ರಾಮದಲ್ಲಿ ಹೆಂಗಸರ ಸಂಘದ ಮೀಟಿಂಗ್. ಜ್ವರದ ಬಗ್ಗೆ ತಿಳಿಸೋದೂ ನಮ್ಮ ಕೆಲಸವೇ. ಗಾಯದ ಫೋಟೋ ತೋರಿಸಿದೆ. ಕಂಕುಳು, ತೊಡೆಸಂದು, ಮೊಲೆ ಕೆಳಗೆ — ಅಂಥಾ ಕಡೆಯೇ ಹುಡುಕಬೇಕು ಅಂದೆ. ದೊಡ್ಡತಾಯಮ್ಮ ಅನ್ನೋ ಹಿರಿಯಾಕೆ ಬಾಯಿಗೆ ಸೆರಗು ಹಿಡಿದು, 'ಗಂಡಸು ಡಾಕ್ಟ್ರಿಗೆ ಅಲ್ಲೆಲ್ಲಾ ಎಂಗವ್ವ ತೋರ್ಸದು?'

'ನರ್ಸ್ ನೋಡ್ಲಿ ಅನ್ನಿ. ನೋಡೋಗಂಟ ಕುರ್ಚಿ ಬುಟ್ಟು ಏಳಬ್ಯಾಡಿ. ಶಿವಶಂಕರ್ ಡಾಕ್ಟ್ರತ್ರ ಹೋದ್ರಂತೂ ಏಳಲೇಬ್ಯಾಡಿ. ನಮ್ಮವ್ವನ್ನ ನೋಡ್ದೇನೇ ಸಾಯಿಸಿದ್ರು.'

ಹೇಳಿಬಿಟ್ಟೆ. ಎದೆ ತಣ್ಣಗಾಯ್ತು.

ನವೆಂಬರ್ 6

ದೊಡ್ಡತಾಯಮ್ಮ ಫೋನ್ ಮಾಡಿದ್ಲು. 'ಶಿವಶಂಕರ್ ಡಾಕ್ಟ್ರತ್ರ ಕೂತೇಬುಟ್ಟೆ ಕಣವ್ವ! ಏಳು ಅಂದ್ರು. ಮೈ ನೋಡಿ ಡಾಕ್ಟ್ರೇ ಅಂದೆ. ಇಂದ್ಗಡೆ ಇದ್ದೋರೆಲ್ಲ ಔದು, ನಮ್ಮುನ್ನೂ ನೋಡಿ ಅಂದ್ರು. ಡಾಕ್ಟ್ರು ಮೊಕ ಉಣಸೇಹಣ್ಣಿನಂಗಾಯ್ತು!'

ನಕ್ಕೆ. ಎಷ್ಟು ದಿನ ಆಗಿತ್ತೋ ನಕ್ಕು.

ಪ್ರಾಜೆಕ್ಟಿನ ಮುಖ್ಯಸ್ಥೆ ಸುಕನ್ಯ ಮೇಡಂ ಕರೆಸಿದ್ರು. ಶಿವಶಂಕರ್ ಕಡೆಯಿಂದ ದೂರು ಹೋಗಿದೆ. 'ರಾಧಾ, ಗಾಯ ತೋರಿಸು, ಹೆಸರು ಹೇಳಬೇಡ. ಪ್ರಾಜೆಕ್ಟೇ ನಿಂತುಹೋಗುತ್ತೆ.' ಸರಿ ಮೇಡಂ ಅಂದೆ. ಮಧ್ಯಾಹ್ನ ಚುಂಚನಕಟ್ಟೆ ಮೀಟಿಂಗಿಗೆ ಹೋದೆ. ಅಲ್ಲೂ ಹೆಸರು ಹೇಳಿದೆ.

ನವೆಂಬರ್ 19

ಹುಣಸೂರಿನ ನಮ್ಮ ಆಫೀಸಿಗೇ ಬಂದ ಶಿವಶಂಕರ್. ತಲೆ ನರೆತಿದೆ. ಕೂರಲಿಲ್ಲ.

'ರಾಧಾ ಅಂದ್ರೆ ನೀನೇನಾ? ಏನಮ್ಮ ದ್ವೇಷ ನನ್ನ ಮೇಲೆ?'

ಕನ್ನಡಿ ಮುಂದೆ ನಿಂತು ಎಷ್ಟು ಸಲ ಅಭ್ಯಾಸ ಮಾಡಿದ್ದೆ ಈ ಮಾತಿಗೆ. ಗಂಟಲಿಂದ ಬಂದಿದ್ದು ಇಷ್ಟೇ — 'ಚಿಕ್ಕಬಸಮ್ಮ. ಗಾವಡಗೆರೆ.'

ಯೋಚನೆ ಮಾಡ್ದ. ನಿಜವಾಗ್ಲೂ ಮಾಡ್ದ. 'ಯಾವ ಚಿಕ್ಕಬಸಮ್ಮ?'

ನೆನಪೇ ಇಲ್ಲ! ನನ್ನ ತಲೆಯಲ್ಲಿ ದಿನಾ ಅವನು. ಅವನ ತಲೆಯಲ್ಲಿ ಅವ್ವಂಗೆ ಒಂದು ಮೂಲೆಯೂ ಇಲ್ಲ. ಬೈದಿದ್ರೆ ವಾಸಿಯಿತ್ತು. ಹಾಳಾಗಿ ಹೋಗ್ಲಿ. ಕ್ಲಿನಿಕ್ಕಿಗೆ ಬೀಗ ಬೀಳ್ಲಿ.

ಡಿಸೆಂಬರ್ 12

ಇಷ್ಟು ದಿನ ಎಚ್.ಡಿ. ಕೋಟೆ ಕಾಡಂಚಲ್ಲಿ ಬೋನು ಇಟ್ಕೊಂಡಿದ್ವಿ. ಬರೆಯಕ್ಕಾಗಲಿಲ್ಲ. ಮನೆಗೆ ಬಂದ್ರೆ ಜಗಲಿ ಮೇಲೆ ಚಿಕ್ಕವ್ವ ಮಲ್ಲಾಜಮ್ಮ. ಅರ್ಧ ಆಗಿದಾಳೆ.

'ಜ್ವರ ಬಂದಿತ್ತು ಕಣೆ. ಶಿವಶಂಕರ್ ಡಾಕ್ಟ್ರೇ ಉಳಿಸಿದ್ದು. ಈಗ ಪರದೆ ಕಟ್ಟವ್ರೆ, ಪುಷ್ಪಾ ಅಂತ ನರ್ಸಮ್ಮ ಮೈಯೆಲ್ಲಾ ನೋಡ್ತದೆ. ನಂಗೆ ಮಂಡಿ ಇಂದ್ಗಡೆ ಇತ್ತು ಗಾಯ. ಮಾತ್ರೆ ನುಂಗಿದ್ದೇ ಜ್ವರ ಬುಡ್ತು! ಗಾಯ ಹಿಡಿಯೋ ಡಾಕ್ಟ್ರು ಅಂತ ಎಸ್ರಾಗೋಗದೆ. ಜನ ರೋಡಿನಗಂಟ ನಿಂತವ್ರೆ.'

ಮುಚ್ಚಿಸ್ಬೇಕು ಅಂತಿದ್ದೆ ಆ ಕ್ಲಿನಿಕ್ಕನ್ನ. ತುಂಬಿಸಿಬಿಟ್ಟೆ.

ಚಿಕ್ಕವ್ವನ ಕೈ ಹಿಡಕೊಂಡು ಅತ್ತೆ. ಬದುಕಿದ್ಲಲ್ಲ ಅಂತ. ಅವನ ಕೈಯಲ್ಲೇ ಬದುಕಬೇಕಿತ್ತಾ ಅಂತಾನೂ.

ಜನವರಿ 4, 2025. ಶನಿವಾರ, ಸಂಜೆ

ಕೆ.ಆರ್. ನಗರದಲ್ಲಿ ಖಾಸಗಿ ಡಾಕ್ಟರುಗಳ ತರಬೇತಿ. ಜ್ವರ ಬೇಗ ಪತ್ತೆ ಮಾಡ್ತಾರೆ ಅಂತ ಶಿವಶಂಕರ್‌ಗೆ ಸನ್ಮಾನ. ಶಾಲು ಹೊದಿಸೋ ಕೆಲಸ ಮೇಡಂ ನಂಗೇ ಕೊಟ್ರು. ಜಗಳ ಎಲ್ಲಾ ಮುಗೀಲಿ ಅಂತ ಇರಬೇಕು.

ಶಾಲು ತಗೊಂಡೆ. ಮೈಕೂ ತಗೊಂಡೆ.

'ಇವರು ಈಗ ಮೈ ನೋಡ್ತಾರೆ. ನಮ್ಮವ್ವ ಚಿಕ್ಕಬಸಮ್ಮನ್ನ ನೋಡಿರಲಿಲ್ಲ. ಅದಕ್ಕೇ ಸತ್ತಳು. ನಾನು ಹೊದಿಸಲ್ಲ.'

ಮೇಡಂ ತಲೆ ತಗ್ಗಿಸಿದ್ರು. ಅವನು ಎದ್ದ. ಕೂಗಾಡ್ಲಿ, ಕೂಗಾಡ್ಲಿ ಅಂತ ಬೇಡ್ಕೋತಿದ್ದೆ.

'ಹೌದು. ನೋಡಿರಲಿಲ್ಲ' ಅಂದ. ಅಷ್ಟೇ. ಸ್ಟೇಜ್ ಇಳಿದು ಹೋಗಿ ಕೊನೇ ಸಾಲಲ್ಲಿ ಕೂತ.

ಇದೇ ಬೇಕಿತ್ತು ನಂಗೆ. ಎಲ್ಲರ ಮುಂದೆ, ಅವನ ಬಾಯಿಂದಲೇ. ಸಿಕ್ತು. ಒಳಗಿನ ಉರಿ ಹಾಗೇ ಇದೆ. ಕ್ಷಮಿಸಿಲ್ಲ. ಕ್ಷಮಿಸೋದೂ ಇಲ್ಲ.

ಸೋಮವಾರ ಮೇಡಂ ಏನಂತಾರೋ. ಕೆಲಸ ಹೋದ್ರೆ ಹೋಗ್ಲಿ.

ಶಾಲು ಕೈಯಲ್ಲೇ ಉಳೀತು. ಬಸ್ಸಲ್ಲಿ ಕೂತ ಮೇಲೇ ಗೊತ್ತಾಗಿದ್ದು. ಈಗ ಅಪ್ಪ ತೊಡೆ ಮೇಲೆ ಹಾಕ್ಕೊಂಡು ಸವರ್ತಾ ಇದೆ. 'ನಿಂಗೆ ಶಾಲು ಒದಿಸಿದ್ರಾ ಮಗ? ನಿಮ್ಮವ್ವ ಇದ್ದಿದ್ರೆ ಊರಿಗೆಲ್ಲ ತೋರ್ಸಿರೋಳು' ಅಂತಿದೆ. ಅಲ್ಲ ಕಣಪ್ಪ, ಇದು ಅವನಿಗೆ —