ಕಾಸ್ಟಿಕ್ ಕಡಾಯಿ

12 ನವೆಂಬರ್, ಮಂಗಳವಾರ

ಇವತ್ತೂ ಫಿಯಾಟಿನದೇ ಕೆಲಸ. ಬೋಲ್ಟು, ವಾಲ್ವಿನ ಮುಚ್ಚಳ, ಆಯಿಲ್ ಪ್ಯಾನು — ಎಲ್ಲ ಕಾಸ್ಟಿಕ್ ಸೋಡಾ ಕುದಿಯುವ ಕಡಾಯಿಗೆ. ನೂಲು ಬೇಯಿಸುವ ಕಡಾಯಿಯಲ್ಲಿ ಎಂಜಿನ್ನು ಬೇಯಿಸುವ ಬಣ್ಣಗಾರ ರಬಕವಿಯಲ್ಲಿ ನಾನೊಬ್ಬನೇ ಇರಬೇಕು. ಅರವತ್ತು ವರ್ಷದ ಜಿಡ್ಡು ಅರ್ಧ ತಾಸಿನಲ್ಲಿ ಬಿಡುತ್ತದೆ. ಆಮೇಲೆ ನೀರು, ತಂತಿ ಬ್ರಷ್ಷು, ಕೊನೆಗೆ ಎಣ್ಣೆಬಟ್ಟೆ. ಇಲ್ಲದಿದ್ದರೆ ಸಂಜೆಯೊಳಗೆ ತುಕ್ಕು.

ಕಾರು ಜಮಖಂಡಿಯ ವಾಸುದೇವರಾಯರದು. ಬ್ಯಾಂಕಿನಿಂದ ರಿಟೈರಾದವರು. ಒಂದೊಂದು ನಟ್ಟನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಎಂಜಿನ್ ಬ್ಲಾಕಿಗೆ ಮೊದಲಿದ್ದ ಹಸಿರೇ ಬೇಕಂತೆ. ಮೂಲೆಯಲ್ಲಿ ಉಗುರಿನಷ್ಟು ಹಳೇ ಬಣ್ಣ ಉಳಿದಿದೆ, ಅದನ್ನು ನೋಡಿ ನಾನು ಕಲಸಿಕೊಡಬೇಕು. ಕೊಡುತ್ತೇನೆ. ನೇವಿ ನೀಲಿ ನೂಲಿನ ಲಡಿ ಯಾವುದು, ಕಪ್ಪು ಲಡಿ ಯಾವುದು ಎಂದು ಮಬ್ಬುಗತ್ತಲಲ್ಲೂ ಹೇಳುವ ಕಣ್ಣು ನನ್ನದು. ಅದೂ ಬಲಗಣ್ಣೊಂದೇ. ಎಡಗಣ್ಣಿಗೆ ಚಿಕ್ಕವನಿದ್ದಾಗ ಮಗ್ಗದ ಲಾಳಿ ಹಾರಿ ಬಡಿದಿತ್ತು. ಅದರಲ್ಲಿ ಎಲ್ಲ ಮಂಜು, ಬಣ್ಣವೇ ಇಲ್ಲ.

14 ನವೆಂಬರ್, ಗುರುವಾರ, ಬೆಳಿಗ್ಗೆ

ಇವತ್ತು ಹೆಡ್ಡು. ಎಂಜಿನ್ನಿನ ಮೇಲೆ ಕೂರುವ ದೊಡ್ಡ ಭಾಗ. ಮಸಿ ಹಿಡಿದು ರೊಟ್ಟಿ ಹಂಚಿನಷ್ಟು ಕಪ್ಪು. ಮಧ್ಯಾಹ್ನ ನೂಲಿಗೆ ಕಡಾಯಿ ಬೇಕು ಎಂದು ಹೆಂಡತಿ ಅಂಜನಾ ಆಗಲೇ ಗೊಣಗುತ್ತಿದ್ದಾಳೆ. ಬೇಗ ಮುಗಿಸಬೇಕು.

19 ನವೆಂಬರ್, ಮಂಗಳವಾರ

ದೊಡ್ಡ ಅಕ್ಷರ. ಎಡಗಣ್ಣಿಗೆ ಇಷ್ಟಿದ್ದರೆ ಮಾತ್ರ ಕಾಣುತ್ತದೆ. ಬಲಗಣ್ಣಿಗೆ ಆಪರೇಶನ್ ಆಗಿದೆ. ರೆಪ್ಪೆ ಮುಚ್ಚಿ ಹೊಲಿದಿದ್ದಾರೆ.

ಹೆಡ್ಡು ಜರ್ಮನ್ನಿನದು. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಹಾಗೇ ಅನ್ನುವುದು. ಜರ್ಮನ್ ಪಾತ್ರೆಯನ್ನು ಕಾಸ್ಟಿಕ್ಕಿನ ಹತ್ತಿರ ತರಬಾರದು, ಪಾತ್ರೆ ತಿಂದು ಉಕ್ಕಿ ಸಿಡಿಯುತ್ತದೆ — ಬಣ್ಣದ ಮನೆಯಲ್ಲಿ ಕೂಸಿಗೂ ಗೊತ್ತು. ಹೊಸ ಪಾತ್ರೆ ಬಂದರೆ ಮೊದಲು ಮೊಳೆಯಿಂದ ಗೀರಿ ನೋಡುತ್ತೇವೆ. ಇದನ್ನು ಗೀರಲಿಲ್ಲ. ಕಪ್ಪಗಿತ್ತು, ಕಬ್ಬಿಣವೆಂದುಕೊಂಡೆ. ಬುಳುಬುಳು ಅಂದಿತು. ಜಿಡ್ಡು ಬಿಡುತ್ತಿದೆ ಎಂದು ಬಗ್ಗಿ ನೋಡಿದೆ...

ಅಂಜನಾ ನೀರಿನ ಕೊಡ ಎತ್ತಿಕೊಂಡು ಓಡಿಬಂದಳು. ನಾನೇ ಕೂಗಿದೆ.

"ನೀರ್ ಬ್ಯಾಡ. ಆಸಿಡ್ ನೀರ್ ಹಾಕ ಬೇ."

ಕಾಸ್ಟಿಕ್ಕಿನಿಂದ ತೆಗೆದ ನೂಲನ್ನು ತೆಳು ಆಸಿಡ್ಡಿನಲ್ಲಿ ಅದ್ದಿದರೆ ಉರಿ ಸಾಯುತ್ತದೆ. ಕೈಗೆ ಸಿಡಿದಾಗಲೂ ಅದನ್ನೇ ಸುರಿದುಕೊಳ್ಳುತ್ತೇವೆ. ಇಪ್ಪತ್ತೈದು ವರ್ಷದ ರೂಢಿ. ಅವಳು ಕೊಡ ಕೆಳಗಿಟ್ಟು, ಆಸಿಡ್ ನೀರಿನ ಬಕೆಟ್ ತಂದು ಕಣ್ಣಿಗೆ ಸುರಿದಳು.

21 ನವೆಂಬರ್, ಗುರುವಾರ

ಡಾಕ್ಟರು ಅಂಜನಾಳನ್ನು ಹೊರಗೆ ಕೂರಿಸಿ, ಮೊದಲು ಕಣ್ಣಿಗೆ ಏನು ಹಾಕಿದಿರಿ ಎಂದು ಕೇಳಿದರು. ಹೇಳಿದೆ.

"ಬರೇ ನೀರು ಅರ್ಧಾ ತಾಸು ಹಾಕಿದ್ರ ಇಷ್ಟ ಆಗ್ತಿರಲಿಲ್ಲರಿ."

ಕರಿಗುಡ್ಡೆಯ ಮೇಲೆ ಕಲೆ ಕಟ್ಟಿದೆಯಂತೆ. ಎಷ್ಟು ದೃಷ್ಟಿ ಉಳಿದಿದೆ ಎಂದು ಹೊಲಿಗೆ ಬಿಚ್ಚಿದ ಮೇಲೇ ಗೊತ್ತು. ಬಿಚ್ಚುವುದು ಡಿಸೆಂಬರ್ ಎರಡಕ್ಕೆ.

ಬಸ್ಸಿನಲ್ಲಿ ಅಂಜನಾ ಮೆಲ್ಲಗೆ ಕೇಳಿದಳು, "ನಾ ಹಾಕಿದ್ದಕ್ಕ ಒಂದೀಟರ ಛಲೋ ಆತಂತೇನ್ರಿ?"

ಹೂಂ ಅಂದೆ. ಇನ್ನೇನು ಅನ್ನಲಿ. ನೀರು ತಂದವಳು ಅವಳೇ.

25 ನವೆಂಬರ್, ಸೋಮವಾರ

ಹೆದರಿಕೆ. ಬೇರೇನೂ ಬರೆಯಲು ಇಲ್ಲ. ಉಣ್ಣುವಾಗ ಹೆದರಿಕೆ, ಚಹಾ ಕುಡಿಯುವಾಗ ಹೆದರಿಕೆ. ಹೊಲಿದ ರೆಪ್ಪೆಯೊಳಗೆ ಗುಡ್ಡೆ ತಿರುಗಿಸಿ ನೋಡುತ್ತೇನೆ. ಒಮ್ಮೆ ಕೆಂಪು ಕಂಡ ಹಾಗಾಗುತ್ತದೆ, ಮರುಕ್ಷಣ ಏನೂ ಇಲ್ಲ.

ಬಣ್ಣದ ಕೆಲಸ ಅಂಜನಾ ಒಬ್ಬಳೇ ಮಾಡುತ್ತಿದ್ದಾಳೆ. ಹದ ಬಂತೇನ್ರಿ ಎಂದು ಒದ್ದೆ ಲಡಿ ತಂದು ಮುಂದೆ ಹಿಡಿಯುತ್ತಾಳೆ. ನೆನಪಾಗಿ ಕೈ ಇಳಿಸುತ್ತಾಳೆ.

28 ನವೆಂಬರ್, ಗುರುವಾರ

ವಾಸುದೇವರಾಯರು ಬಂದಿದ್ದರು. ಬೈಯುತ್ತಾರೆ ಎಂದು ಗೋಡೆಗೆ ಅಂಟಿ ಕುಳಿತಿದ್ದೆ. ಬೈಯಲಿಲ್ಲ. ಹೆಡ್ಡಿನ ಮೇಲೆಲ್ಲ ಸಣ್ಣ ತೂತು ಬಿದ್ದಿದ್ದವಂತೆ, ಲೇಥಿನಲ್ಲಿ ಹೆರೆಸಿದರಂತೆ, ನಡೆಯುತ್ತದಂತೆ. ನನ್ನ ಕೈಗೆ ಕೊಟ್ಟರು. ಬೆರಳಾಡಿಸಿದೆ. ನುಣ್ಣಗಿತ್ತು. ಅದು ರಿಪೇರಿಯಾಯಿತು.

ಹೊರಡುವಾಗ ಹೇಳಿದರು, "ಬ್ಲಾಕಿಗಿ ಯಾರೂ ಕೈ ಹಚ್ಚಿಲ್ಲ. ಹಸಿರು ಯಾವ್ದಂತ ನೀವ ಹೇಳಬೇಕು, ಯಮನಪ್ಪ."

ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

2 ಡಿಸೆಂಬರ್, ಸೋಮವಾರ, ಮಧ್ಯಾಹ್ನ 3

ಹೊಲಿಗೆ ಬಿಚ್ಚಿದರು. ಬೆಳಕು ಚುಚ್ಚಿತು. ಆಮೇಲೆ ಬಾಗಿಲಲ್ಲಿ ಒಂದು ಮುಖ. ಅಂಜನಾ. ಕಾಣುತ್ತದೆಯೇ ಎಂದು ಕೇಳಿದಳು, ಕಾಣುತ್ತದೆ ಎಂದೆ. ಅಲ್ಲೇ ಅತ್ತಳು. ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದಳು, ತಾನು ತಡಮಾಡದೆ ಆಸಿಡ್ ನೀರು ಹಾಕಿದ್ದಕ್ಕೆ ಕಣ್ಣು ಉಳಿಯಿತು ಅಂತ. ನಾನು ಕಿಟಕಿಯ ಕಡೆ ತಿರುಗಿದೆ.

ಈಗ ಮನೆಯಲ್ಲಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬರೆಯುತ್ತಿದ್ದೇನೆ. ಸಾಲು ಕಾಣುತ್ತದೆ. ಅಕ್ಷರ ಕಾಣುತ್ತದೆ. ಶಾಯಿ ನೀಲಿ.

ಇಲ್ಲ, ಕಪ್ಪು.

ಪುಸ್ತಕವನ್ನು ಕಿಟಕಿಗೆ ಒಯ್ದು ನೋಡಿದೆ. ಬಿಸಿಲಿಗೆ ಹಿಡಿದೆ. ಪೆನ್ನು ಅಂಜನಾ ಕೊಟ್ಟದ್ದು. ಯಾವ ಪೆನ್ನು ಕೊಟ್ಟೆ ಎಂದು ಕೇಳಿದರೆ ಅವಳಿಗೆ ತಿಳಿದುಬಿಡುತ್ತದೆ. ಒಂದು ತಿಳಿದರೆ ಆಸಿಡ್ ನೀರಿನದನ್ನೂ ಕೇಳುತ್ತಾಳೆ.

ಅಂಗಳದಿಂದ ಬರುತ್ತಿದ್ದಾಳೆ. ನಗುತ್ತಿದ್ದಾಳೆ. ಎರಡೂ ಕೈಯಲ್ಲಿ ಒಂದೊಂದು ಲಡಿ. ಎರಡೂ ಒಂದೇ ಹಾಗೆ... ಬಲಗೈಯದು ಕಪ್ಪು ಅನ್ನುತ್ತೇನೆ. ತಪ್ಪಿದರೆ