ಮೂರು ಸಣ್ಣ ತೂತು

ಬಸವಕಲ್ಯಾಣ
9 ಫೆಬ್ರುವರಿ 2025

ಪ್ರೀತಿಯ ತಮ್ಮ ಗುರುಲಿಂಗಗ,

ನಾಂದೇಡದಾಗ ಥಂಡಿ ಹ್ಯಾಂಗದ? ನಿನ್ನ ಕೆಮ್ಮು ಕಡಿಮಿ ಆತೇನು? ಅವ್ವ ಅರಾಮ ಇದ್ದಾಳ, ಅರಿವಿ ಅಂಗಡಿ ನಡದದ. ನಾನೂ ಈಗ ಅರಾಮ. ಆದ್ರ ಏಳು ತಿಂಗಳಿಂದ ಫೋನಿನ್ಯಾಗ ನಿನಗ ಸುಳ್ಳು ಹೇಳಿಕೋತ ಬಂದೀನಿ.

ಜೂನಿನ್ಯಾಗ ನಾ ಶಹರದ ಒಂದು ಕ್ಲಿನಿಕ್‌ಗೆ ಹೋಗಿ ಎದಿಯ ಕೊಬ್ಬು ತಗಿಸಿದ್ದು ನಿನಗೊಬ್ಬನಿಗೇ ಗೊತ್ತಿತ್ತು. ಮೂವತ್ನಾಲ್ಕು ವರ್ಷದ ಗಂಡಸು, ಹೆಂಗಸರ ಎದಿ ಅಂತ ಯಾರರ ನಕ್ಕಾರು ಅಂತ ಬ್ಯಾಸಿಗ್ಯಾಗೂ ಎರಡು ಬನೀನು ಹಾಕ್ತಿದ್ದೆ. ಮೂರು ಸಣ್ಣ ತೂತು, ಸಂಜಿಗೇ ಮನಿ. ಒಂದು ತಿಂಗಳು ಕನ್ನಡಿ ಮುಂದ ನಿಂತು ಖುಷಿಪಟ್ಟೆ. ಆಮ್ಯಾಲೆ ಆ ತೂತಿನ ಸುತ್ತ ಗಂಟು ಎದ್ದು ಕೀವು ಸೋರಾಕ ಹತ್ತಿತು. ಕ್ಲಿನಿಕ್‌ನವರು ಎರಡು ಸಲ ಗುಳಿಗಿ ಬರದುಕೊಟ್ಟು, ಆಮ್ಯಾಲೆ ಫೋನ್ ಎತ್ತೋದೇ ಬಿಟ್ಟರು. ಹುಮನಾಬಾದದ ಡಾಕ್ಟರ್ ಆಯೆಷಾ ಅವರು ಕೀವು ತಪಾಸಣಿಗೆ ಕಳಿಸಿದ್ರು. ಮೊದಲಿನ ರಿಪೋರ್ಟಿನ್ಯಾಗ ಏನೂ ಸಿಗಲಿಲ್ಲ. ಅವರಿಗೆ ನಂಬಿಕಿ ಬರಲಿಲ್ಲ, ಕ್ಷಯದಂಥಾದ್ದು ಇರಬಹುದು ಅಂತ ಬ್ಯಾರೆ ತಪಾಸಣಿಗೆ ಹಚ್ಚಿದ್ರು. ಕ್ಷಯ ಅನ್ನೋ ಮಾತು ಕೇಳಿ ನಾ ಮನ್ಯಾಗ ತಾಟು ಬ್ಯಾರೆ ಇಟ್ಟುಕೊಂಡೆ. ಮೂರನೇ ದಿನ ಅವ್ವ ಆ ತಾಟು ಕಸಗೊಂಡು, ಏನು ಮುಚ್ಚಿಟ್ಟೀದಿ ಅಂತ ಕೇಳಿದಳು. ಅಂಗಿ ಬಿಚ್ಚಿ ತೋರಿಸಿದೆ. ಬೈಲಿಲ್ಲ. ಮರುದಿನ ತಾನೇ ನನ್ನ ಜೋಡಿ ಬಸ್ಸು ಹತ್ತಿದಳು.

ಒಂದು ತಿಂಗಳಿಗೆ ರಿಪೋರ್ಟ್ ಬಂತು. "ಕ್ಷಯದ ಕ್ರಿಮಿಯ ದಾಯಾದಿ ಇದು, ನೀರಿನ್ಯಾಗ ಇರ್ತದ. ಆ ಕ್ಲಿನಿಕ್‌ನವರು ಆಪರೇಶನ್ ಸಾಮಾನು ಬರೇ ನೀರಿನ್ಯಾಗ ತೊಳದಿರಬೇಕು. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ರಿ, ಅವ್ವನ ಜೋಡಿ ಕೂತು ಉಣ್ರಿ" ಅಂದ್ರು ಡಾಕ್ಟರ್. ಅಲ್ಲೇ ಕುರ್ಚಿಮ್ಯಾಲೆ ಅವ್ವ ಅತ್ತಳು. ಆಮ್ಯಾಲೆ ಒಂದು ಸಲ ಕೊಯ್ದು ಸ್ವಚ್ಛ ಮಾಡಿದ್ರು, ಐದು ತಿಂಗಳು ಗುಳಿಗಿ ನುಂಗಿದೆ, ಬಾಯಿ ಕಹಿ ಆಗಿ ರೊಟ್ಟಿನೂ ಸೇರ್ತಿರಲಿಲ್ಲ. ದೀಪಾವಳಿಗೆ ನೀ ಬಂದಾಗ ಹೇಳಬ್ಯಾಡ ಅಂತ ಅವ್ವಗ ಆಣಿ ಹಾಕಿದ್ದೆ. ನಿನ್ನೆ ಡಾಕ್ಟರ್ ಎಲ್ಲಾ ಕಡಿ ಒತ್ತಿ ನೋಡಿ, ಇನ್ನ ಗುಳಿಗಿ ಸಾಕು ಅಂದ್ರು. ವಾಪಸ್ ಬರೋ ಬಸ್ಸಿನ್ಯಾಗ ಅವ್ವ ನನ್ನ ಹೆಗಲಿಗೆ ತಲಿ ಇಟ್ಟು ಕಲ್ಯಾಣ ಬರೋತನಕ ನಿದ್ದಿ ಮಾಡಿದಳು.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ನಿನ್ನ ಮ್ಯಾಲೆ ಇರಲಿ.

ನಿನ್ನ ಅಣ್ಣ,
ಸತೀಶಕುಮಾರ

ತಾ.ಕ.: ಬರ್ಯಾಕ ಕೂತದ್ದೇ ಇದಕ್ಕ, ಕಡೀತನಕ ಕೈ ಬರಲಿಲ್ಲ. ನಿನ್ನ ಎದಿನೂ ನನ್ನಂಗೇ ಅದ ಅಂತ ದೀಪಾವಳಿಗೆ ನೀ ಹೇಳಿದಾಗ, ಅಂಗಿ ಒಳಗ ಪಟ್ಟಿ ಕಟ್ಟಿಕೊಂಡೇ ಆ ಕ್ಲಿನಿಕ್‌ನ ನಂಬರ್ ನಿನಗ ಕೊಟ್ಟೆ. ನಾಚಿಕಿ ಬಾಯಿ ಕಟ್ಟಿತ್ತು, ಮಾಫ್ ಮಾಡು. ಏಪ್ರಿಲಿನ್ಯಾಗ ಹೋಗ್ತೀನಿ ಅಂದಿದ್ದಿ. ಅಲ್ಲಿ ಹೋಗಬ್ಯಾಡ. ಮಾಡಿಸ್ಕೋಬೇಕು ಅನಸಿದ್ರ ದೊಡ್ಡ ದವಾಖಾನಿಗೆ ಹೋಗೋಣ, ನಾನೇ ನಿನ್ನ ಜೋಡಿ ಬರ್ತೀನಿ.