ಬೇರೆ ಊರಿನ ಸರ್ವರ್ ನೋಡಿ

ಕೆ.ಆರ್. ಪುರ
೧೨ ಆಗಸ್ಟ್ ೨೦೦೭

ಕಂಪ್ಯೂಟರ್ ಸೆಂಟರಿನ ಶ್ರೀನಾಥ್ ಸರ್ ಅವರಿಗೆ ಜಯಮಾಲಾಳ ನಮಸ್ಕಾರ.

ನಮ್ಮ ವೆಬ್‌ಸೈಟನ್ನು ನಾಳೆ ತೆರೆಯಬೇಡಿ. ಗಾರ್ಮೆಂಟ್ಸಿನ ಹೆಂಗಸರು ಬರೆದುಕೊಟ್ಟದ್ದನ್ನು ಹಲಸೂರಿನ ಹೋಸ್ಟಿಂಗ್ ಕಂಪನಿಯಲ್ಲಿ ಇಡುತ್ತೇನೆ, ಹತ್ತಿರವಿದೆ ಎಂದಿದ್ದಿರಿ. ನಿನ್ನೆ ಅದೇ ಕಂಪನಿಯವನು ನಮ್ಮ ಫ್ಯಾಕ್ಟರಿಗೆ ಬಂದಿದ್ದ. ಫ್ಯಾಕ್ಟರಿಯ ವೆಬ್‌ಸೈಟೂ ಅವರಲ್ಲೇ ಇದೆಯಂತೆ. ಮ್ಯಾನೇಜರ್ ನನ್ನ ಮೆಷಿನ್ನಿನ ಹಿಂದೆ ನಿಂತೇ ಕೇಳಿದರು: “ನಿಮ್ ಸರ್ವರಲ್ಲಿ ಯಾರ್ ಏನ್ ಇಟ್ಟಿದ್ದಾರೆ ಅಂತ ನೋಡ್ಬಹುದಾ?”

“ಎಲ್ಲಾ ನೋಡ್ಬಹುದು ಸರ್,” ಎಂದು ಆತ ನಕ್ಕ.

ನಾನು ತಲೆ ಎತ್ತಲಿಲ್ಲ. ಒಂದೇ ಕಾಲರನ್ನು ಎರಡು ಸಲ ಹೊಲಿದೆ.

ನನ್ನ ಪಕ್ಕದ ಮೆಷಿನ್ನಿನ ಯಂಕಮ್ಮ ಬರೆದುಕೊಟ್ಟದ್ದು ನಡೆದಾಗ ಅವಳು ಮೂರು ತಿಂಗಳ ಬಸುರಿ. ರಕ್ತ ಹೋಗುತ್ತಿದ್ದರೂ ಪಾಳಿ ಮುಗಿಯುವ ತನಕ ಅವಳಿಗೆ ಗೇಟು ತೆರೆಯಲಿಲ್ಲ. ಅದನ್ನು ತನ್ನ ಹೆಸರು ಹಾಕಿಯೇ ಬರೆದಿದ್ದಾಳೆ. ಆ ಸರ್ವರಿಗೆ ಈಗಾಗಲೇ ಹಾಕಿದ್ದರೆ ಇವತ್ತೇ ಅಳಿಸಿ. ಬೇರೆ ಊರಿನ ಕಂಪನಿಯಲ್ಲಿ, ಇನ್ನೊಬ್ಬರ ಜೊತೆ ಹಂಚಿಕೊಳ್ಳದ ಸರ್ವರ್ ಸಿಗುತ್ತದೆಂದು ನೀವೇ ಹೇಳಿದ್ದಿರಿ. ತಡವಾದರೂ ಅದೇ ಇರಲಿ.

ಎಲ್ಲ ಬಿಟ್ಟುಬಿಡೋಣವೇ ಎಂದು ಯಂಕಮ್ಮನನ್ನು ಕೇಳಿದೆ. “ಹೆದರ್ಕಿ ನನಗೂ ಅದ ಅಕ್ಕಾ. ಆದ್ರ ಬರ್ದಿದ್ದು ಬಿಡಬ್ಯಾಡ್ರಿ,” ಎಂದಳು.

ಹಾಗಾಗಿ ಬರೆದದ್ದನ್ನು ಉಳಿಸಿ, ಅವಳ ಹೆಸರನ್ನು ತೆಗೆಯಿರಿ. ಉಳಿದವರ ಹೆಸರುಗಳೂ ಬೇಡ. ಸೈಟು ಯಾರದೆಂದು ನೋಂದಾಯಿಸಲು ಒಬ್ಬರ ಹೆಸರು ಬೇಕೇ ಬೇಕು ಎಂದಿದ್ದಿರಲ್ಲ, ಅಲ್ಲಿ ಈ ಕೆಳಗಿನ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಅವಸರದಲ್ಲಿ ಬರೆದದ್ದರಿಂದ ಅಕ್ಷರ ಕೆಟ್ಟಿದೆ. ತಿಳಿಯದಿದ್ದರೆ ಪತ್ರ ತಂದವಳನ್ನು ಕೇಳಿ, ಫೋನ್ ಮಾಡಬೇಡಿ.

ಇಂತಿ,
ಜಯಮಾಲಾ ಲಕ್ಷ್ಮಿಕಾಂತ, ಟೈಲರ್